ಸ್ಕಾಟ್ಲೆಂಡಿಗೆ ಒಯ್ದ ಕಂಬಳಿ ಕಿವಿಗಳು

ಚೈತ್ರಾ, ಬೀರೇಶ,

ನೀವಿಬ್ಬರೂ ರಜೆಗೆ ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಅಜ್ಜಿ, ವಿಮಾನದಾಗ ಕಿಟಕಿ ಸಿಕ್ಕಿತ್ತಾ?" ಸಿಕ್ಕಿತ್ತು. ಆದರೆ ನಾನು ಅರ್ಧ ದಾರಿ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಉಳಿದದ್ದನ್ನು ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಎದುರಿಗೆ ಕೂತರೆ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಏಳನೇ ಇಯತ್ತೆಯವರೆಗೆ ನಮ್ಮೂರ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೀರೇಶ, ನಿನಗಿಟ್ಟಿರುವುದು ನಿಮ್ಮಜ್ಜನ ಹೆಸರು. ಅದನ್ನು ಬಾಯಿಂದ ಅನ್ನಬಾರದೆಂದು ನೀನು ಹುಟ್ಟಿದಾಗಿನಿಂದ ನಿನ್ನನ್ನು ‘ಸಣ್ಣಾವ’ ಎಂದೇ ಕರೆದಿದ್ದೇನೆ. ಇವತ್ತು ಮೊದಲ ಸಲ ಬರೆದೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು, ಆಮೇಲೆ ಚೆನ್ನಾಗಿಯೇ ಬಂತು.

ಕೊಟ್ಟೂರು

ನಮ್ಮ ಹಳೆಯ ಹತ್ತಿ ಗೋದಾಮು ನಿಮಗೆ ಗೊತ್ತು. ಬೋರ್ಡಿನ ಮೇಲೆ ವಸ್ತು ಸಂಗ್ರಹಾಲಯ ಎಂದಿದ್ದರೂ ಜನ ಕರೆಯುವುದು ‘ಹಳೇ ಸಾಮಾನಿನ ಮನಿ’ ಎಂದು. ಸುತ್ತಲ ಊರಿನವರು ಬಿಸಾಡಲು ಮನಸ್ಸಾಗದೆ ತಂದುಕೊಟ್ಟ ಸಾಮಾನುಗಳೇ ಅಲ್ಲಿವೆ. ಕೂಡ್ಲಿಗಿ ಕಡೆಯ ಕುರಿಹಟ್ಟಿಗಳಿಂದ ಉಣ್ಣೆ ಕತ್ತರಿ ಮತ್ತು ಕಂಬಳಿ, ತೆಲಿಗಿಯಿಂದ ಕೂರಿಗೆ, ಹಡಗಲಿಯಿಂದ ಮಲ್ಲಿಗೆ ಬಿಡಿಸುವ ಬುಟ್ಟಿ, ನನ್ನ ತವರಿನಿಂದ ಒಂದು ಬೀಸುಕಲ್ಲು. ನಿಮ್ಮಜ್ಜ ಅದರ ಕಾವಲುಗಾರರಾಗಿದ್ದರು. ಅವರು ಹೋದ ಮೇಲೆ ಬೀಗದ ಕೈ ನನ್ನ ಸೊಂಟಕ್ಕೆ ಬಂತು.

ಆ ಸಾಮಾನುಗಳ ಮುಂದೆ ಓದಿದವರಿಗಾಗಿ ಒಂದೊಂದು ಚೀಟಿ ಇತ್ತು. ಆದರೆ ಬರುವವರಲ್ಲಿ ಅರ್ಧ ಜನ ಕುರಿ ಕಾಯುವವರು, ಅಕ್ಷರ ಕಲಿಯದವರು. ನಿಮ್ಮಜ್ಜನ ಅಕ್ಕ ಹಾಲವ್ವ ಐದು ವರ್ಷದ ಕೂಸಿದ್ದಾಗಲೇ ಜ್ವರದಲ್ಲಿ ಎರಡೂ ಕಣ್ಣು ಕಳೆದುಕೊಂಡವಳು. ಸಂತೆಯ ದಿನ ತಪ್ಪದೆ ಬಂದು ಒಂದೊಂದೇ ಸಾಮಾನು ಸವರುತ್ತ, "ಇದು ಯಾರ ಮನೀದು? ಇದು ಯಾರ ಮನೀದು?" ಎಂದು ಕೇಳುತ್ತ ಹೋಗುತ್ತಿದ್ದಳು. ಉತ್ತರ ಹೇಳಿ ಹೇಳಿ ಸಾಕಾಗಿ ನಿಮ್ಮಜ್ಜ ಒಂದು ಉಪಾಯ ಮಾಡಿದರು.

ನಮ್ಮ ಕುರಿ ಮಂದಿಯಲ್ಲಿ ಮರಿಯ ಕಿವಿಗೆ ಕಚ್ಚು ಹಾಕುವ ಪದ್ಧತಿ ಇದೆಯಲ್ಲ. ಪ್ರತಿ ಮನೆಗೂ ತನ್ನದೇ ಕಚ್ಚು. ನಮ್ಮದು ತುದಿಯಲ್ಲಿ ಒಂದು ಸೀಳು, ಕೆಳಗಿನ ಅಂಚಿಗೆ ಒಂದು ಅರ್ಧಚಂದ್ರ. ಎರಡು ಹಿಂಡು ಕೂಡಿಹೋದರೆ ಹೆಬ್ಬೆರಳಲ್ಲಿ ಕಿವಿ ಸವರಿದರೆ ಸಾಕು, ಯಾರ ಕುರಿ ಎಂದು ತಿಳಿಯುತ್ತದೆ. ನಿಮ್ಮಜ್ಜ ಹರಿದ ಕಂಬಳಿಯನ್ನು ಕಿವಿಯಾಕಾರಕ್ಕೆ ಕತ್ತರಿಸಿ, ಎಳೆ ಬಿಚ್ಚದಂತೆ ಅಂಚು ಹೊಲಿದು, ಆಯಾ ಮನೆಯ ಕಚ್ಚು ಹಾಕಿ, ಎಲ್ಲ ಸಾಮಾನಿಗೂ ದಾರದಲ್ಲಿ ಕಟ್ಟಿದರು. ಕುರಿ ಸಾಕದ ಮನೆಗಳಿಗೆ ಹೊಸ ಕಚ್ಚು ಹುಟ್ಟಿಸಿದರು. ಅಂದಿನಿಂದ ಹಾಲವ್ವ ಯಾರನ್ನೂ ಕೇಳಲಿಲ್ಲ. ಒಂದು ಮೂಲೆಯಲ್ಲಿ ಅವಳ ತಾಯಿ ನೂತ ಕರಿ ಕಂಬಳಿ ಇತ್ತು. ಅದರ ಹತ್ತಿರ ಕೂತು, ಅದರ ತುದಿಯನ್ನು ಬೆರಳುಗಳ ನಡುವೆ ಉಜ್ಜುತ್ತ, ಮಧ್ಯಾಹ್ನ ಕಳೆಯುತ್ತಿದ್ದಳು.

ಬೀಗದ ಕೈ ನನಗೆ ಬಂದ ಮೇಲೆ ಗಾಜಿನ ಮಾತು ಬಂತು. ಗೋದಾಮು ನೋಡಿಕೊಳ್ಳುವ ನಮ್ಮ ಸಮಿತಿಯ ಕಾರ್ಯದರ್ಶಿ ಚನ್ನಬಸಪ್ಪನವರು ಕೆಟ್ಟವರಲ್ಲ. ಶಾಲೆಯ ಮಕ್ಕಳು ಬಂದು ಒಂದು ಗಡಿಗೆ ಒಡೆದಿದ್ದರು, ಬುಟ್ಟಿಯ ಹಿಡಿ ಕಿತ್ತಿತ್ತು. ಎಲ್ಲವನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಆ ಕಂಬಳಿ ಚೂರು ಬಿಚ್ಚಿ ಅಚ್ಚು ಹಾಕಿದ ಚೀಟಿ ಅಂಟಿಸಬೇಕು ಎಂದು ಅವರು ಗಟ್ಟಿ ಮಾಡಿದ್ದರು. ಅದೇ ಹೊತ್ತಿಗೆ ಸ್ಕಾಟ್ಲೆಂಡಿನಿಂದ ಕರೆ ಬಂತು. ಚಿಕ್ಕ ಚಿಕ್ಕ ವಸ್ತು ಸಂಗ್ರಹಾಲಯ ನಡೆಸುವವರು ಒಂದೆಡೆ ಕೂಡಿ, ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾರದವರು ಬಂದರೆ ಏನು ಮಾಡುತ್ತೇವೆಂದು ಒಬ್ಬರಿಂದೊಬ್ಬರು ಕಲಿಯುವ ಸಭೆ ಅದು. ಅರ್ಜಿ ಬರೆದವರು ಹರಪನಹಳ್ಳಿಯ ರೂಪಾ ಟೀಚರ್. ಅವರು ಇಂಗ್ಲಿಷ್ ಕಲಿಸುತ್ತಾರೆ, ನಮ್ಮ ಸಮಿತಿಯಲ್ಲೂ ಇದ್ದಾರೆ. ಬೀಗದ ಕೈ ಇಟ್ಟುಕೊಂಡವರೇ ಬರಬೇಕೆಂದು ಅಲ್ಲಿಯವರು ಹಟ ಹಿಡಿದರಂತೆ.

ಚನ್ನಬಸಪ್ಪನವರು ಹೇಳಿದರು: "ಮಾಳಮ್ಮ, ಹೋಗಿ ಬರ್ರಿ. ಅವರು ಗಾಜಿನಾಗ ಇಟ್ಟಿದ್ರ ನಾವೂ ಇಡಾಣ. ಇಲ್ಲಾಂದ್ರ ಬ್ಯಾಡ. ನೀವು ಕಣ್ಣಾರೆ ನೋಡಿದ್ದು ಹೇಳ್ರಿ, ಅದ ಕೊನಿ ಮಾತು."

ಹೊರಡುವ ದಿನ ಹಾಲವ್ವ ನನ್ನ ಮೊಣಕೈ ಹಿಡಿದಳು. "ಲೇ ಮಾಳಿ, ಅಲ್ಲಿ ಕುರುಡ್ರು ಬಂದ್ರ ಏನ್ ಮಾಡ್ತಾರ, ಅದೊಂದ ಕೇಳ್ಕೊಂಡು ಬಾ. ಮತ್ತೇನೂ ಬ್ಯಾಡ ನನಗ."

"ಒಂದು ಚಲೋ ಸ್ವೆಟರ್ ತರ್ಲೇನವ್ವ?"

"ಕಂಬಳಿ ನೂಲೋ ಮನಿಯಾಗ ಹುಟ್ಟಿದಾಕಿಗೆ ಸ್ವೆಟರ್ ತರ್ತಾಳಂತ! ಹೋಗಲೇ."

ವಿಮಾನ ನಿಲ್ದಾಣ

ಅದಕ್ಕೂ ಮೊದಲು ನಾನು ದೂರ ಹೋಗಿದ್ದೆಂದರೆ ಉಜ್ಜಿನಿ, ಮೈಲಾರ, ಒಮ್ಮೆ ಹಂಪಿ. ಎಲ್ಲ ಕಡೆಗೂ ನಿಮ್ಮಜ್ಜ ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮುಂದೆ ಯಾರೂ ಇಲ್ಲದ್ದು ವಿಚಿತ್ರವೆನಿಸಿತು. ರೂಪಾ ಟೀಚರ್ ಬೇಕೆಂದೇ ನನ್ನನ್ನು ಮುಂದೆ ಬಿಟ್ಟು, "ನಡೀರಿ ಮಾಳಮ್ಮಾರ, ಇವತ್ತು ನೀವ ಹಿಂಡಿನ ಮುಂದಿನ ಕುರಿ," ಎಂದು ನಗುತ್ತಿದ್ದರು.

ನನ್ನ ಕೈಚೀಲದಲ್ಲಿ, ಕಟ್ಟದೆ ಉಳಿದಿದ್ದ ಹನ್ನೊಂದು ಕಂಬಳಿ ಕಿವಿಗಳ ಒಂದು ಗೊಂಚಲು ಇತ್ತು. ಯಾರಿಗಾದರೂ ತೋರಿಸಲೆಂದು ಅಲ್ಲ. ಅವನ್ನು ಮಾಡಿದ ಕೈ ಈಗ ಇಲ್ಲವಲ್ಲ, ಜೊತೆಗಿರಲಿ ಎಂದು ಇಟ್ಟುಕೊಂಡಿದ್ದೆ. ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದು, ಮೂಸಿ, ಮುಖ ಸಿಂಡರಿಸಿ, "ಏನಮ್ಮಾ ಇದು?" ಎಂದಳು. ರೂಪಾ ಟೀಚರ್ ಹಿಂದಿನಿಂದ, "ಕಿವಿಗಳು," ಎಂದರು. ಆ ಹುಡುಗಿ ಗೊಂಚಲನ್ನು ಥಟ್ಟನೆ ತಟ್ಟೆಗೆ ಬಿಟ್ಟು ಹಿಂದೆ ಸರಿದಳು. ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ಹಿಂದಿದ್ದ ಸಾಲು ಬೆಳೆದು, ಕೋಟು ತೊಟ್ಟ ಒಬ್ಬರು ನಮ್ಮನ್ನು ಶಪಿಸುತ್ತಿದ್ದರು.

ಗುಡ್ಡದ ಊರು

ಎಡಿನ್‌ಬರೋದಲ್ಲಿ ಇಳಿದು ಬಸ್ಸು ಹಿಡಿದೆವು. ಊರಿನ ಹೆಸರನ್ನು ರೂಪಾ ಟೀಚರ್ ಹತ್ತು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲಿಲ್ಲ. ನಾನು ಅದನ್ನು ಗುಡ್ಡದ ಊರು ಎಂದೇ ಕರೆದೆ.

ಅಲ್ಲಿಯ ಬಸ್ಸಿನಲ್ಲಿ ನಾಯಿ ಕೂತಿರುತ್ತದೆ ಮತ್ತು ಯಾರೂ ಅದನ್ನು ಏನೂ ಅನ್ನುವುದಿಲ್ಲ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಕೃತಜ್ಞತೆ ಹೇಳಿ ಇಳಿಯುತ್ತಾರೆ. ನಮ್ಮ ಹರಪನಹಳ್ಳಿ ಬಸ್ಸಿನಲ್ಲಿ ಹಾಗೆ ಮಾಡಿದರೆ ಡ್ರೈವರ್ ಏನೋ ಮರೆತಿದ್ದೀರಿ ಎಂದು ಬಸ್ಸು ನಿಲ್ಲಿಸಿಯಾನು. ಆದರೆ ‘ಊಟ ಆತೇನ್ರಿ’ ಎಂದು ಯಾರೂ ಕೇಳುವುದಿಲ್ಲ. ಮೂರು ದಿನದಲ್ಲಿ ಒಬ್ಬರೂ ಕೇಳಲಿಲ್ಲ. ಅದರ ಬದಲು ಮಳೆಯ ಮಾತು. ಬಂತು, ಬರುತ್ತದೆ, ನಿಂತಿತು, ಇನ್ನೇನು ಬಂತು. ನಮ್ಮ ಕಡೆ ಮಳೆಯ ಮಾತೆಂದರೆ ಆಕಾಶ ನೋಡಿ ಸುಮ್ಮನಾಗುವ ಮಾತು. ಅಲ್ಲಿ ಅದು ಹರಟೆ.

ಕಿಟಕಿಯ ಆಚೆ ಗುಡ್ಡಗಳ ಮೇಲೆ ಕಲ್ಲು ಒಟ್ಟಿದ ಗೋಡೆಗಳಿದ್ದವು. ಗಾರೆ ಇಲ್ಲ, ಮಣ್ಣೂ ಇಲ್ಲ, ಹೊಲದಲ್ಲಿ ಸಿಕ್ಕ ಕಲ್ಲನ್ನೇ ಒಂದರ ಮೇಲೊಂದು ಕೂರಿಸಿದ್ದು. ಕೂಡ್ಲಿಗಿ ಕಡೆಯ ನಮ್ಮ ಹೊಲದ ಬದುಗಳು ಹಾಗೇ ಅಲ್ಲವೇ? ಗೋಡೆಗಳ ನಡುವೆ ಕುರಿಗಳಿದ್ದವು. ಮೈಮೇಲೆ ನೀಲಿ ಬಣ್ಣದ ಗುರುತು, ಮುಖ ಕರಿ, ಮೈ ಬಿಳಿ. ನಾನು ಕಣ್ಣು ಹಾಯಿಸಿದಷ್ಟು ದೂರಕ್ಕೂ ಕಾಯುವವನು ಒಬ್ಬನೂ ಇಲ್ಲ. ಮಳೆಯಲ್ಲಿ ನೆನೆಯುತ್ತ ತಮ್ಮಷ್ಟಕ್ಕೆ ಮೇಯುತ್ತಿದ್ದವು. ನಿಮ್ಮಜ್ಜ ಇದ್ದಿದ್ದರೆ ಬಸ್ಸು ನಿಲ್ಲಿಸಿ, "ಯಾವ ಮಗ ಬಿಟ್ಟು ಹೋಗ್ಯಾನ ಇವನ್ನ?" ಎಂದು ಬೈದು, ತಾವೇ ಗೋಡೆ ಹತ್ತುತ್ತಿದ್ದರು. ನನಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಎದುರಿಗಿದ್ದ ಮುದುಕಿ ಒಂದು ಕಾಗದದ ಕರವಸ್ತ್ರ ಕೊಟ್ಟು, ಮಳೆಯ ಕಡೆ ಕೈ ತೋರಿಸಿ ಏನೋ ಸಮಾಧಾನ ಹೇಳಿದಳು. ಮಳೆಗೆ ಅಳುತ್ತಿದ್ದೇನೆಂದು ತಿಳಿದಳೋ ಏನೋ.

ಮೊದಲ ದಿನ

ಆ ಊರಿನ ವಸ್ತು ಸಂಗ್ರಹಾಲಯ ಹಿಂದೆ ಉಣ್ಣೆ ಗಿರಣಿಯಾಗಿತ್ತು. ಒಳಗೆ ಕಾಲಿಟ್ಟು ನೋಡಿದೆ. ಎಲ್ಲವೂ ಗಾಜಿನಲ್ಲಿತ್ತು. ಚರಕ ಗಾಜಿನಲ್ಲಿ, ನೂಲಿನ ಉಂಡೆ ಗಾಜಿನಲ್ಲಿ, ಗುಡಿಸಿಲಷ್ಟು ದೊಡ್ಡ ಒಂದು ಮಗ್ಗವೂ ಗಾಜಿನ ಗೋಡೆಯ ಹಿಂದೆ. ಹಾಲವ್ವನ ಪ್ರಶ್ನೆಗೆ ಉತ್ತರ ಬಾಗಿಲಲ್ಲೇ ಸಿಕ್ಕಿತಲ್ಲ ಎಂದುಕೊಂಡೆ. ಚನ್ನಬಸಪ್ಪನವರಿಗೆ ಏನು ಹೇಳಬೇಕಾಗುತ್ತದೆಂದು ಯೋಚಿಸುತ್ತ ಮುಂದೆ ನಡೆದೆ.

ರೂಪಾ ಟೀಚರ್ ಯಾವುದೋ ಕಾಗದಕ್ಕೆ ಸಹಿ ಹಾಕಲು ಆಫೀಸಿಗೆ ಹೋದರು. ನಾನು ಒಬ್ಬಳೇ ಸುತ್ತುತ್ತಿದ್ದೆ. ಒಂದು ಮೂಲೆಯಲ್ಲಿ ಗಾಜು ಇರಲಿಲ್ಲ, ಒಂದು ಹಗ್ಗ ಮಾತ್ರ ಕಟ್ಟಿತ್ತು. ಹಗ್ಗದ ಆಚೆ ಹಲಗೆಯ ಮೇಲೆ ಒಂದು ಉಣ್ಣೆ ಕತ್ತರಿ ಇತ್ತು. ನಮ್ಮದೇ ತರಹ! ಎರಡು ಅಲಗು, ಹಿಂದೆ ಬಿಲ್ಲಿನಂತೆ ಬಾಗಿದ ಒಂದೇ ಕಬ್ಬಿಣ. ನಿಮ್ಮಜ್ಜ ಉಣ್ಣೆ ಕತ್ತರಿಸಲು ಕೂರುವ ಮುಂಚೆ ಕತ್ತರಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಒಂದು ದಿನವೂ ಕೆಲಸ ಹಿಡಿದವರಲ್ಲ. ನನ್ನ ಕೈ ನನ್ನನ್ನು ಕೇಳಲಿಲ್ಲ. ಹಗ್ಗದ ಮೇಲಿಂದ ಬಾಗಿ, ಎರಡು ಬೆರಳಲ್ಲಿ ಕತ್ತರಿ ಮುಟ್ಟಿ, ಕಣ್ಣಿಗೊತ್ತಿಕೊಂಡೆ.

ಗೋಡೆ ಕಿರುಚಿತು. ಹಾಗೇ ಅನಿಸಿತು ನನಗೆ. ಕುಂಯ್ ಕುಂಯ್ ಎಂದು ಎಲ್ಲಿಂದಲೋ ಸದ್ದು, ಮೇಲೆ ಕೆಂಪು ದೀಪ. ನೀಲಿ ಸ್ವೆಟರಿನ ಒಬ್ಬ ಕಾವಲಿನ ಹೆಂಗಸು ಓಡಿಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ನಾನು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟೆ. ಅವಳು ಸದ್ದು ನಿಲ್ಲಿಸಿ ನನ್ನ ಕೈ ನೋಡಿದಳು, ಕತ್ತರಿ ನೋಡಿದಳು, ಆಮೇಲೆ ನನ್ನ ಕಣ್ಣು ನೋಡಿದಳು. ಹಾಗೇ ತನ್ನ ಜಾಗಕ್ಕೆ ಹಿಂದಿರುಗಿದಳು. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ವಿಷಯ ಕೇಳಿ ರೂಪಾ ಟೀಚರ್ ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ಮಾಳಮ್ಮಾರ! ನಮ್ಮೂರಾಗ ಕಾವಲಿಗೆ ಇದ್ದಾಕಿ ಇಲ್ಲಿ ಬಂದು ಕಳ್ಳಿ ಆಗಿಬಿಟ್ರಲ್ಲ!"

"ವಾಪಸ್ ಕಳಿಸ್ತಾರೇನ್ರಿ ಟೀಚರ್?"

"ಕಳಿಸಿದ್ರ ಜೋಡೀಲೆ ಹೋಗಾಣ. ರೊಟ್ಟಿ ತೆಗೀರಿ, ಹಸಿವಾಗೈತಿ."

ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಎರಡನೇ ದಿನ

ಮರುದಿನ ಎಲ್ಲರೂ ಒಂದು ಕೋಣೆಯಲ್ಲಿ ಸುತ್ತಲೂ ಕುರ್ಚಿ ಹಾಕಿಕೊಂಡು ಕೂತೆವು. ಹತ್ತು ಹನ್ನೆರಡು ಜನ, ಬೇರೆ ಬೇರೆ ದೇಶದವರು. ವೇದಿಕೆ ಇಲ್ಲ, ಮೈಕಿಲ್ಲ, ಭಾಷಣ ಮಾಡುವ ದೊಡ್ಡವರಿಲ್ಲ. ಸಭೆ ಕರೆದವರು, ಇಲ್ಲಿ ಯಾರೂ ಮೇಷ್ಟ್ರಲ್ಲ, ತಮ್ಮಲ್ಲಿ ಸರಿಹೋದದ್ದೊಂದು, ಕೆಟ್ಟುಹೋದದ್ದೊಂದು ಹೇಳಿದರೆ ಸಾಕು ಎಂದರು. ನನಗೆ ನಮ್ಮ ಹಟ್ಟಿಯ ಕಟ್ಟೆ ನೆನಪಾಯಿತು. ಹಿಂದೆ ಉಣ್ಣೆ ನೂಲುವಾಗ ಹೆಂಗಸರೆಲ್ಲ ಹೀಗೇ ದುಂಡಗೆ ಕೂಡುತ್ತಿದ್ದೆವು. ನಾನು ಹೊಸ ಸೊಸೆಯಾಗಿ ಬಂದಾಗ ನನ್ನ ಎಳೆ ಪದೇ ಪದೇ ತುಂಡಾಗುತ್ತಿತ್ತು. ಯಾರೂ ಕಲಿಸುತ್ತೇನೆಂದು ಮುಂದೆ ಬರಲಿಲ್ಲ. ಪಕ್ಕದವಳ ಕೈ ನೋಡಿದೆ, ನನ್ನ ಪಕ್ಕದವಳು ನನ್ನ ಕೈ ನೋಡಿ ನಕ್ಕಳು, ಬಂದುಬಿಟ್ಟಿತು. ಹಾಲವ್ವನಿಗೆ ಮಾತ್ರ ನಮ್ಮತ್ತೆ ತಮ್ಮ ಬೆರಳ ಮೇಲೆ ಅವಳ ಬೆರಳು ಇರಿಸಿಕೊಂಡು ಕಲಿಸಿದ್ದರಂತೆ. ಅವಳ ನೂಲು ನಮ್ಮೆಲ್ಲರಿಗಿಂತ ಸಣ್ಣ.

ಇಷ್ಟು ನೆನಪಾದರೂ ನನ್ನ ಸರದಿ ಬಂದಾಗ ನಾನು, "ನಮ್ಮಲ್ಲಿ ಹೇಳುವಂಥದ್ದೇನೂ ಇಲ್ರಿ," ಎಂದು ತಲೆ ತಗ್ಗಿಸಿ ಕೂತೆ. ಅವರ ಚೀಟಿ, ಬಣ್ಣದ ಚಿತ್ರ, ಕೈಯಲ್ಲಿ ಹಿಡಿದರೆ ಮಾತಾಡುವ ಯಂತ್ರದ ಮುಂದೆ ಹರಿದ ಕಂಬಳಿಯ ಚೂರನ್ನು ಹೇಗೆ ತೆಗೆಯಲಿ? ಚೀಲ ನನ್ನ ಮಡಿಲಲ್ಲೇ ಇತ್ತು. ಅದರ ಬಾಯಿ ಬಿಗಿಯಾಗಿ ಹಿಡಿದುಕೊಂಡೆ.

ನನ್ನ ಪಕ್ಕದಲ್ಲಿ ಅಲೆಕ್ ಎಂಬ ಎತ್ತರದ ಮುದುಕ ಬಿಳಿ ಕೋಲು ಹಿಡಿದು ಕೂತಿದ್ದ. ಕಣ್ಣಿಲ್ಲ. ಆ ಊರವನೇ. ಅವನ ಮಾತನ್ನು ರೂಪಾ ಟೀಚರ್ ನನ್ನ ಕಿವಿಯಲ್ಲಿ ಹೇಳುತ್ತ ಹೋದರು. ಅದರಿಂದಾಗಿ ನನ್ನ ನೆನಪಿನಲ್ಲಿ ಆ ದೇಶದವರೆಲ್ಲ ಇವತ್ತಿಗೂ ಹರಪನಹಳ್ಳಿ ಕನ್ನಡವನ್ನೇ ಮಾತಾಡುತ್ತಾರೆ. ಅಲೆಕ್ ಹೇಳಿದ: "ಈ ಗಿರಣಿಯಾಗ ನಾನು ನೇಕಾರ ಆಗಿದ್ದೆ. ಆಮೇಲೆ ಕಣ್ಣು ಹೋದವು. ಹೊರಗ ಗಾಜಿನ ಹಿಂದ ಐತಲ್ಲ ಮಗ್ಗ, ಅದು ನಂದ. ನಾನು ಬಂದ್ರ ಇವರು ಗಾಜಿನ ಮುಂದ ನನ್ನ ನಿಲ್ಲಿಸಿ ಚೀಟಿ ಓದ್ತಾರ. ನಾನು ನೇಯ್ದ ಮಗ್ಗದ ಸುದ್ದಿ ನನಗ ಓದಿ ಹೇಳ್ತಾರ."

ಆಗ ಬಾಗಿಲ ಹತ್ತಿರ ಕೂತಿದ್ದ ಕಾವಲಿನ ಹೆಂಗಸು ಎದ್ದಳು. ಹೆಸರು ಮೋರಾಗ್ ಎಂದು ಆಗ ತಿಳಿಯಿತು. ನನ್ನ ಕಡೆ ಕೈ ತೋರಿಸಿದಳು.

"ನಿನ್ನೆ ಈಯಮ್ಮ ಕತ್ತರಿ ಮುಟ್ಟಿದ್ಲು. ಗಂಟಿ ಬಡೀತು, ನಾ ಓಡಿಹೋದೆ. ಇಷ್ಟ ವರ್ಷ ಇಲ್ಲಿ ಅದೀನಿ, ಗಂಟಿ ಹೊಡೆಸಿದವ್ರನ್ನ ಬೇಕಾದಷ್ಟು ನೋಡೀನಿ. ಮುಟ್ಟಿ ಕಣ್ಣಿಗೆ ಒತ್ತಿಕೊಂಡವ್ರನ್ನ ನೋಡಿರ್ಲಿಲ್ಲ. ಅದ್ಯಾಕ ಹಂಗ ಮಾಡಿದ್ರಿ, ಕೇಳಬೇಕಂತ ಮಾಡಿದ್ದೆ."

ಹೇಳಲೇಬೇಕಾಯಿತು. ಎದ್ದು ನಿಂತೆ. ನಿಮ್ಮಜ್ಜನ ಕತ್ತರಿಯ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ಹಾಲವ್ವನ ವಿಷಯ ಬಂತು, ‘ಇದು ಯಾರ ಮನೀದು’ ಬಂತು, ಚೀಲದ ಬಾಯಿ ತಾನೇ ಸಡಿಲಾಯಿತು. ಗೊಂಚಲು ತೆಗೆದು ಅಲೆಕ್‌ನ ಕೈಯಲ್ಲಿಟ್ಟೆ.

ಅವನ ಬೆರಳು ಉದ್ದ, ತುದಿ ಮೃದು. ಒಂದು ಕಿವಿ ಸವರಿದ, ಎರಡನೆಯದು ಸವರಿದ, ಮತ್ತೆ ಮೊದಲನೆಯದಕ್ಕೆ ಬಂದ. "ಇದೊಂದು ಮನಿ. ಇದು ಬ್ಯಾರೆ ಮನಿ. ಇದು... ಇದು ಮೊದಲ್ನೇದ ಮನಿ!" ಎಂದು ಮಗುವಿನಂತೆ ಕೂಗಿದ. ಅಷ್ಟರಲ್ಲಿ ಮೋರಾಗ್ ಬಂದು ಬಗ್ಗಿ ನೋಡಿ, ತನ್ನ ಬಲಗಿವಿಯ ತುದಿಯನ್ನು ಬೆರಳಿಂದ ಕತ್ತರಿಸುವ ಹಾಗೆ ಮಾಡಿ, ಎಡಗಿವಿಯ ಅಂಚಿಗೆ ಒಂದು ಕಚ್ಚು ತೋರಿಸಿದಳು. "ನಮ್ಮಪ್ಪನ ಕುರಿ," ಎಂದಳಂತೆ. ಗುಡ್ಡದ ಮೇಲೆ ಅವರವೂ ಕುರಿ ಇದ್ದವಂತೆ, ಪ್ರತಿ ಮನೆಗೂ ಒಂದು ಕಿವಿ ಗುರುತಂತೆ. ಅವಳು ಆ ಕಟ್ಟಡದಲ್ಲಿ ಅಷ್ಟು ವರ್ಷ ನಿಂತಿದ್ದರೂ ಆ ಮಾತನ್ನು ಯಾರೂ ಅವಳಿಂದ ಕೇಳಿರಲಿಲ್ಲ. ಕಾವಲಿನವಳಲ್ಲವೇ.

ಎಲ್ಲರೂ ಕಿವಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆಗ ಅಲೆಕ್ ನನ್ನ ಕಡೆ ಮುಖ ತಿರುಗಿಸಿ ಒಂದು ಪ್ರಶ್ನೆ ಕೇಳಿದ.

"ನಿಮ್ಮ ಹಾಲವ್ವ ಎಲ್ಲದಾಳ? ಆಕೀನ ಯಾಕ ಕರ್ಕೊಂಡು ಬಂದಿಲ್ಲ?"

"ಆಕಿಗೆ ಕಣ್ಣಿಲ್ರಿ, ಇಷ್ಟ ದೂರ ಹೆಂಗ ಬರ್ತಾಳ," ಎಂದೆ.

ರೂಪಾ ಟೀಚರ್ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ನನ್ನ ಕೈ ಒತ್ತಿ, ಮೆಲ್ಲಗೆ, "ಇದನ್ನ ನಾ ಹೇಳಾಂಗಿಲ್ರಿ ಮಾಳಮ್ಮಾರ. ಇವರು ಮುಂಜಾನೆ ಎರಡು ಬಸ್ ಬದಲಿಸಿ ಒಬ್ಬರ ಬಂದಾರ," ಎಂದರು.

ನನಗೆ ನೆಲ ಬಿರಿಯಬಾರದೇ ಎನಿಸಿತು. ಗಾಜು ಬೇಕೋ ಬೇಡವೋ ಎಂದು ಸಮಿತಿಯಲ್ಲಿ ಮೂರು ಸಲ ಕೂತಿದ್ದೆವು. ಮೂರು ಸಲವೂ ಹಾಲವ್ವ ಹೊರಗೆ ಮೆಟ್ಟಿಲ ಮೇಲೆ ಇದ್ದಳು. ಒಳಗೆ ಬಾ ಎಂದು ಚನ್ನಬಸಪ್ಪನವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅವಳ ಪ್ರಶ್ನೆಯನ್ನು ಸಮುದ್ರ ದಾಟಿಸಿ ತಂದಿದ್ದೆ, ಹೊಸ್ತಿಲು ದಾಟಿಸಿರಲಿಲ್ಲ.

ಮೂರನೇ ದಿನ

ಕೊನೆಯ ದಿನ ಅವರ ಉಗ್ರಾಣ ತೋರಿಸಿದರು. ಹಳೆಯ ಬಟ್ಟೆಗಳನ್ನು ನೋಡಿಕೊಳ್ಳುವ ಒಬ್ಬ ತಾಯಿ, ಕುರಿಗಾರರು ಹೊದೆಯುತ್ತಿದ್ದ ಒಂದು ದಪ್ಪ ಶಾಲನ್ನು ಹರವಿ ಭೂತಗನ್ನಡಿಯಲ್ಲಿ ತೋರಿಸಿದಳು. ಜನ ಮುಟ್ಟಿದ ಜಾಗದಲ್ಲಿ ಎಳೆ ಸೊರಗಿ, ತುಂಡು ತುಂಡಾಗಿ, ಮಸಿಯಂತೆ ಕರಿಯಾಗಿತ್ತು. "ಪ್ರೀತಿಲೆ ಮುಟ್ಟಿದ್ರೂ ಕೈ ಕೈಯ," ಎಂದಳು. ಕೈಯಲ್ಲಿ ಎಣ್ಣೆ, ಬೆವರು ಇರುತ್ತದಲ್ಲ. ಕಬ್ಬಿಣ, ಕಲ್ಲು, ಗಟ್ಟಿ ಮರ ತಡೆಯುತ್ತವೆ, ಉಣ್ಣೆ ತಡೆಯುವುದಿಲ್ಲ.

ನನಗೆ ಆ ಕರಿ ಕಂಬಳಿಯ ತುದಿ ಕಣ್ಣ ಮುಂದೆ ಬಂತು. ಚನ್ನಬಸಪ್ಪನವರ ಮಾತಿನಲ್ಲೂ ಅರ್ಧ ನಿಜವಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕಾಯಿತು. ಆ ಅರ್ಧ ನಿಜ ಹಾಲವ್ವನ ಬೆರಳ ಮೇಲೇ ಬೀಳುವಂಥದ್ದು. ಅದನ್ನು ಹೊತ್ತುಕೊಂಡು ಮನೆಗೆ ಹೋಗಬೇಕಲ್ಲ ಎಂದು ಮನಸ್ಸು ಒಗರಾಯಿತು.

ಮಧ್ಯಾಹ್ನ ಮೋರಾಗ್ ನನ್ನನ್ನು ಕೈ ಹಿಡಿದು ತನ್ನ ಊಟದ ಕೋಣೆಗೆ ಕರೆದೊಯ್ದಳು. ಒಂದು ಹಳೆಯ ಉಣ್ಣೆ ಕೋಟು ತಂದಿದ್ದಳು. ಇಬ್ಬರೂ ಕೂತು ಕಿವಿ ಕತ್ತರಿಸಿದೆವು. ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು, ರೂಪಾ ಟೀಚರ್ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅವಳು ಅಂಚು ಹೊಲಿಯದೆ ಬಿಟ್ಟಾಗ ನಾನು ಅವಳ ಕೈ ಮೇಲೆ ಒಂದು ಏಟು ಕೊಟ್ಟು ತೋರಿಸಿದೆ. ನನ್ನ ಹೊಲಿಗೆ ದೂರ ದೂರವಾದಾಗ ಅವಳು ಕೆಮ್ಮಿದಳು. ಕೊನೆಗೆ ಅವಳಪ್ಪನ ಕಚ್ಚು ಹಾಕಿದ ಕಿವಿಯನ್ನು ಹಗ್ಗದ ಆಚೆಯ ಆ ಕತ್ತರಿಗೆ ಕಟ್ಟಿದಳು. ಆ ಕತ್ತರಿ ಅವರ ಮನೆಯದೇ ಅಂತೆ, ಆಮೇಲೆ ರೂಪಾ ಟೀಚರ್ ಕೇಳಿ ಹೇಳಿದರು. ಹಗ್ಗ ಬಿಚ್ಚಿದಳು. ನಾನು ಶೇಂಗಾ ಚಟ್ನಿಯ ಡಬ್ಬಿ ಅವಳಿಗೆ ಕೊಟ್ಟು ಬಂದೆ. ಮೂಸಿ, ಚಿಟಿಕೆಯಷ್ಟು ನಾಲಿಗೆಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಒಂದು ಚಿಟಿಕೆ ಹಾಕಿಕೊಂಡಳು.

ಮತ್ತೆ ಕೊಟ್ಟೂರು

ಬರುವಷ್ಟರಲ್ಲಿ, ಚನ್ನಬಸಪ್ಪನವರು ಮುಂಚೆಯೇ ಮಾಡಲು ಹೇಳಿದ್ದ ಗಾಜಿನ ಪೆಟ್ಟಿಗೆಗಳು ಬಂದು ಗೋದಾಮಿನಲ್ಲಿ ಸಾಲಾಗಿ ನಿಂತಿದ್ದವು. ಸಮಿತಿಯವರೆಲ್ಲ ಕೂತಿದ್ದರು. ನಾನು ಹೊರಗೆ ಹೋಗಿ ಹಾಲವ್ವನ ಮೊಣಕೈ ಹಿಡಿದು ಒಳಗೆ ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ.

"ಏನ್ ಮಾಳಮ್ಮ, ಅಲ್ಲಿ ಗಾಜು ಐತೋ ಇಲ್ಲೋ?" ಚನ್ನಬಸಪ್ಪನವರು ಕೇಳಿದರು.

"ಐತ್ರಿ."

"ಹಂಗಾರ ಆತಲ್ಲ."

"ಆಗಿಲ್ರಿ. ಅಲ್ಲಿ ಮಗ್ಗದಾಗ ನೇಯ್ದಾವನ ಅದನ್ನ ಮುಟ್ಟಂಗಿಲ್ಲ, ಅದಕ್ಕ ಅವರೂ ಕೈಕೈ ಹಿಚಿಕ್ಕೊಳ್ಳಾಕತ್ತಾರ. ಏನಿಡಬೇಕು, ಏನ್ ಬಿಡಬೇಕು, ನನ್ನ ಕೇಳಬ್ಯಾಡ್ರಿ. ಈಕೀನ ಕೇಳ್ರಿ."

ನಿಮ್ಮಾಣೆ, ನಾನೇ ಹೇಳಿದ್ದು. ಅಷ್ಟು ಜನರ ಮುಂದೆ.

ಹಾಲವ್ವ ಚನ್ನಬಸಪ್ಪನವರ ದನಿಯ ಕಡೆ ಮುಖ ತಿರುಗಿಸಿದಳು. "ಇಷ್ಟ ದಿನ ಎಲ್ಲಿಗೆ ಹೋಗಿತ್ತಪ ಚನ್ನಬಸಪ್ಪ, ಈ ಕೇಳಾದು?" ಎಂದು ಎದ್ದಳು. ಸಾಲಿನುದ್ದಕ್ಕೂ ನಡೆದಳು. ಬೀಸುಕಲ್ಲು ಮುಟ್ಟಿದಳು: "ಇದನ್ನ ಯಾವನು ಸವೆಸ್ತಾನ? ಹೊರಗಿರ್ಲಿ." ಕತ್ತರಿ: "ಹೊರಗ." ಮಲ್ಲಿಗೆ ಬುಟ್ಟಿ: "ಇದು ಮುಪ್ಪಾಗೈತಿ, ಒಳಗ ಹಾಕ್ರಿ. ಹೊಸಾದೊಂದು ಹೆಣಿಸಿ ಹೊರಗಿಡ್ರಿ, ಹುಡುಗ್ರು ಎಳೀಲಿ." ನಾನು ಹೇಳಬೇಕೆಂದಿದ್ದನ್ನೆಲ್ಲ ಅವಳೇ ಹೇಳುತ್ತಿದ್ದಳು. ಚನ್ನಬಸಪ್ಪನವರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು.

ಹಾಗೇ ಕರಿ ಕಂಬಳಿಯ ಮೂಲೆಗೆ ಬಂದಳು. ಆ ಶಾಲಿನ ಸಂಗತಿಯನ್ನು ಅವಳಿಗೆ ಹೇಳಿರಲಿಲ್ಲ. ಹೇಳಲು ಧೈರ್ಯವಾಗಿರಲಿಲ್ಲ. ಹಾಲವ್ವ ಕೂತು ಕಂಬಳಿಯನ್ನು ತೊಡೆಯ ಮೇಲೆ ಹರವಿಕೊಂಡಳು. ತುದಿ ಹುಡುಕಿದಳು. ಅಲ್ಲಿ ಉಣ್ಣೆ ಸವೆದು ಜರಡಿಯಂತಾಗಿತ್ತು. ಅದರ ಮೇಲೆ ಅವಳ ಬೆರಳು ನಿಂತೇ ಇತ್ತು.

"ಈ ಮೂಲಿ ನಾನ ತಿಂದೀನಿ," ಎಂದಳು. "ಗೊತ್ತಿತ್ತು ನನಗ."

ಆ ತುದಿಯನ್ನು ಒಳಗೆ ಮಡಚಿದಳು.

"ಇದನ್ನ ಒಳಗಿಡ್ರಿ."

"ಬ್ಯಾಡವ್ವ, ಇದೊಂದು ಇರ್ಲಿ," ಎಂದವರು ಚನ್ನಬಸಪ್ಪನವರೇ.

"ಇಡು ಅಂದ್ರ ಇಡಪ. ನಾನು ಸಾಕಷ್ಟು ಮುಟ್ಟೀನಿ. ಮುಂದಿನವ್ರು ನೋಡಾಕಾದ್ರೂ ಉಳೀಲಿ. ಇದರ ಕಿವಿ ಮಾತ್ರ ಪೆಟ್ಟಿಗಿ ಹೊರಗ ಕಟ್ರಿ. ಅವ್ವಂದು ಇಲ್ಲೈತಿ ಅಂತ ಗೊತ್ತಾದ್ರ ಸಾಕು."

ಅವಳೇ ಮಡಿಸಿದಳು. ನಾಲ್ಕು ಮಡಿಕೆ, ಅಂಚಿಗೆ ಅಂಚು ಸರಿಯಾಗಿ, ಅವಳ ತಾಯಿ ಮಡಿಸುತ್ತಿದ್ದ ಹಾಗೆ. ಪೆಟ್ಟಿಗೆಯಲ್ಲಿಟ್ಟು, ಅಂಗೈ ಅಗಲ ಮಾಡಿ ಒಮ್ಮೆ ಒತ್ತಿ, ಗಾಜಿನ ಬಾಗಿಲು ತಾನೇ ಮುಚ್ಚಿದಳು. ಬೀಗ ಹಾಕಿದ್ದು ನಾನು.

ಈಗಲೂ ಸಂತೆಯ ದಿನ ಬರುತ್ತಾಳೆ. ಶಾಲೆಯ ಮಕ್ಕಳಿಗೆ ಕಣ್ಣು ಮುಚ್ಚಿಸಿ, ಯಾವ ಸಾಮಾನನ್ನು ಹೇಗೆ ಮುಟ್ಟಬೇಕೆಂದು ಕಲಿಸುತ್ತಾಳೆ. ಬಿರುಸಾಗಿ ಮುಟ್ಟಿದವರ ತಲೆಗೆ ಮೊಟಕುತ್ತಾಳೆ. ಆ ಪೆ‌ಟ್ಟಿಗೆಯ ಹತ್ತಿರ ಹೋದಾಗ ಮಾತ್ರ ಮಕ್ಕಳನ್ನು ಮುಂದೆ ಕಳಿಸಿ ಸ್ವಲ್ಪ ಹಿಂದೆ ಉಳಿಯುತ್ತಾಳೆ. ನಾನು ಆಗ ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ.

ಚೈತ್ರಾ, ಬೀರೇಶ, ಈ ಹಾಳೆಗಳನ್ನು ಜೋಪಾನ ಮಾಡಿ. ನಡುವೆ ಒಣಗಿದ ಬೇವಿನ ಎಲೆ ಹಾಕಿ ಟ್ರಂಕಿನಲ್ಲಿಡಿ, ಗೆದ್ದಲು ಬರದಂತೆ ಆಗಾಗ ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಹಾಗೆ ಬಿಚ್ಚಿದಾಗಲೆಲ್ಲ ಹಾಲವ್ವಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಅವಳು ಎಲ್ಲಿಯಾದರೂ, "ಅದು ಹಂಗಲ್ಲಲೇ," ಎಂದರೆ, ನಾನು ಬರೆದದ್ದನ್ನು ಹೊಡೆದುಹಾಕಿ ಅವಳು ಹೇಳಿದ್ದನ್ನು ಬರೆದಿಡಿ.